ಮೋಟಾರ್ ಸೈಕಲ್ ಪ್ರವಾಸ: ರಾತ್ರಿ ತಂಗುವುದೆಲ್ಲಿ?

ಹತ್ತು ಮಂದಿ ಸ್ನೇಹಿತರು ಹತ್ತು ಮೋಟಾರ್ ಸೈಕಲುಗಳ ಮೇಲೆ ಮೂರು ದಿನ ಹಳ್ಳಿಗಾಡಿನ ಕಡೆ ಹೋಗಿಬರುವುದೆಂದು ನಿಶ್ಚಯಿಸಿದರೆ, ಮೊದಲು ಅವರು ಮಾತನಾಡುವುದು ನೋಡತಕ್ಕ ಸ್ಥಳಗಳ ವಿಚಾರ. ಆಮೇಲೆ ರಸ್ತೆಯ ವಿಚಾರ. ರಾತ್ರಿ ಮಲಗುವುದೆಲ್ಲಿ ಎಂಬ ಮಾತು ಕಟ್ಟಕಡೆಗೆ ಬರುತ್ತದೆ. ಬಂದರೂ 'ಹೋದ ಕಡೆ ನೋಡಿಕೊಳ್ಳೋಣ' ಎಂಬಲ್ಲಿಗೆ ಮುಗಿದುಹೋಗುತ್ತದೆ. ಈ ಕ್ರಮವನ್ನು ತಲೆಕೆಳಗು ಮಾಡಿಕೊಳ್ಳಿ ಎಂದು ಹೇಳುವುದೇ ಈ ಬರಹದ ಉದ್ದೇಶ. ತಂಗುವ ಜಾಗವನ್ನು ಮೊದಲು ಗೊತ್ತುಮಾಡಿ, ಹಗಲಿನ ದಾರಿಯನ್ನು ಅದಕ್ಕೆ ತಕ್ಕಂತೆ ಕತ್ತರಿಸಿಕೊಳ್ಳಬೇಕು. ನೀವೇ ಸವಾರರಾಗಿರಬಹುದು, ಇಲ್ಲವೆ ಸವಾರನಾದ ಮಗನನ್ನೋ ಮಗಳನ್ನೋ ಕಳಿಸಿ ಮನೆಯಲ್ಲಿ ಕಾಯುವವರಾಗಿರಬಹುದು. ಇಬ್ಬರಿಗೂ ಇದು ಬೇಕಾದ ಲೆಕ್ಕ.

ನಮ್ಮ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರು ದಾರಿಯನ್ನು ಎಣಿಸುತ್ತಿದ್ದುದೇ ಮಜಲುಗಳ ಲೆಕ್ಕದಲ್ಲಿ. ಎತ್ತು ಎಷ್ಟು ದೂರ ನಡೆದು ದಣಿಯುವುದೋ ಅಲ್ಲಿ ಒಂದು ಛತ್ರ, ಒಂದು ಬಾವಿ, ನಾಲ್ಕು ಮರದ ನೆರಳು ಇರಬೇಕು, ಅದೇ ಮಜಲು. ೧೮೦೦ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ಬರೆದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಬಂದದ್ದು ಚನ್ನಪಟ್ಟಣ, ಮದ್ದೂರು, ಮಂಡ್ಯ ಎಂದು ಮಜಲು ಮಜಲಾಗಿಯೇ. ಈಗ ಮೋಟಾರ್ ಸೈಕಲಿಗೆ ಆ ದೂರ ಅರ್ಧ ಗಂಟೆಯ ಮಾತು. ಎತ್ತು ದಣಿಯುತ್ತಿತ್ತು, ಯಂತ್ರ ದಣಿಯುವುದಿಲ್ಲ. ತೊಂದರೆ ಹುಟ್ಟುವುದು ಅಲ್ಲಿಯೇ. ಯಂತ್ರದ ಮೇಲೆ ಕುಳಿತವನ ದಣಿವನ್ನು ಎಣಿಸುವುದಕ್ಕೆ ನಮ್ಮಲ್ಲಿ ಮಜಲಿನಂಥ ಅಳತೆಗೋಲು ಉಳಿದಿಲ್ಲ.

ಆದ್ದರಿಂದ ಒಂದು ಲೆಕ್ಕ ಹಾಕಿ ನೋಡೋಣ. ಬೆಳಿಗ್ಗೆ ೭ಕ್ಕೆ ಹೊರಟು ಸಂಜೆ ೫ಕ್ಕೆ ನಿಲ್ಲುವುದೆಂದರೆ ಕೈಯಲ್ಲಿ ೧೦ ಗಂಟೆ. ಒಬ್ಬನೇ ಹೋಗುವವನು ಪೆಟ್ರೋಲ್ ಹಾಕಿಸಿಕೊಳ್ಳುವುದಕ್ಕೆ ೩ ನಿಮಿಷ ಸಾಕು. ಹತ್ತು ಗಾಡಿಗಳಿಗೆ ಅದೇ ಅರ್ಧ ಗಂಟೆ. ಎರಡು ಸಲ ಕಾಫಿಗೆ ನಿಂತರೆ, ಹತ್ತು ಮಂದಿ ಹೆಲ್ಮೆಟ್ ತೆಗೆದು, ಕುಡಿದು, ಮಾತನಾಡಿ, ಮತ್ತೆ ಹೆಲ್ಮೆಟ್ ತೊಡುವ ಹೊತ್ತಿಗೆ ಒಂದೂಕಾಲು ಗಂಟೆ ಕಳೆದಿರುತ್ತದೆ. ಊಟಕ್ಕೆ ಇನ್ನೊಂದು ಒಂದೂಕಾಲು. ಹತ್ತು ಗಾಡಿಗಳಿಗೆ ಇಪ್ಪತ್ತು ಚಕ್ರ. ಅವುಗಳಲ್ಲಿ ಯಾವುದಾದರೂ ಒಂದಕ್ಕೆ ಮೊಳೆ ಚುಚ್ಚುವುದೆಂದೇ ಇಟ್ಟುಕೊಳ್ಳಿ, ಮುಕ್ಕಾಲು ಗಂಟೆ. ದಾರಿಯಲ್ಲಿ ಒಂದು ಸ್ಥಳ ನೋಡಲು ಒಂದೂವರೆ ಗಂಟೆ. ಎಲ್ಲ ಸೇರಿ ಐದೂಕಾಲು ಗಂಟೆಯಾಯಿತು. ಉಳಿದ ನಾಲ್ಕೂಮುಕ್ಕಾಲು ಗಂಟೆಯಲ್ಲಿ, ಹಳ್ಳಿ ರಸ್ತೆಯ ಉಬ್ಬು ತಗ್ಗು ದನ ಕುರಿಗಳ ನಡುವೆ ಗಂಟೆಗೆ ೩೫ ಕಿಲೋಮೀಟರಿನಂತೆ ಹೋದರೆ ಸುಮಾರು ೧೬೫ ಕಿಲೋಮೀಟರು. ಗುಂಪಿನ ಒಂದು ದಿನದ ಮಜಲು ಇಷ್ಟೇ. ಒಬ್ಬನೇ ೩೦೦ ಕಿಲೋಮೀಟರು ಹೋಗಿಬಂದವನು ಇದನ್ನು ಕೇಳಿ ನಗಬಹುದು. ಅವನು ಹೋದದ್ದು ಒಬ್ಬನೇ.

ಐದು ಗಂಟೆಗೆ ನಿಲ್ಲಬೇಕೇಕೆ? ನಮ್ಮ ಕಡೆ ಡಿಸೆಂಬರ್ ಆದಿಯಲ್ಲಿ ಸೂರ್ಯ ಮುಳುಗುವುದು ೫ ಗಂಟೆ ೫೫ ನಿಮಿಷದ ಸುಮಾರಿಗೆ. ಜುಲೈ ಆದಿಯಲ್ಲಿ ೬ ಗಂಟೆ ೫೦ರ ಸುಮಾರಿಗೆ. ಮುಳುಗಿದ ಮೇಲೆ ಉಳಿಯುವ ಬೆಳಕು ಇಪ್ಪತ್ತು ಇಪ್ಪತ್ತೈದು ನಿಮಿಷ ಮಾತ್ರ. ಆ ಹೊತ್ತಿಗೆ ಹಳ್ಳಿಯ ರಸ್ತೆಯ ಮೇಲೆ ಏನೇನಿರುತ್ತದೆಂಬುದನ್ನು ಮದ್ದೂರು ತಾಲ್ಲೂಕಿನ ಕೊಪ್ಪದ ಕಡೆ ಒಂದು ಸಂಜೆ ನಿಂತು ನೋಡಿದರೆ ತಿಳಿಯುತ್ತದೆ. ಕೊಪ್ಪದಲ್ಲಿ ಸಕ್ಕರೆ ಕಾರ್ಖಾನೆಯಿದೆ. ಕಬ್ಬು ಅರೆಯುವ ದಿನಗಳಲ್ಲಿ ಸುತ್ತಿನ ಊರುಗಳಿಂದ ಕಬ್ಬು ಹೇರಿದ ಟ್ರಾಕ್ಟರುಗಳು, ಒಂದರ ಹಿಂದೆ ಎರಡು ಗಾಡಿ ಕಟ್ಟಿಕೊಂಡು, ಸಾಲುಸಾಲಾಗಿ ಬರುತ್ತವೆ. ಹೊರೆಯಿಂದ ಈಚೆಗೆ ಚಾಚಿದ ಕಬ್ಬಿನ ಜಲ್ಲೆ ಹಿಂದಿನಿಂದ ಬರುವವನ ಎದೆಯ ಮಟ್ಟಕ್ಕಿರುತ್ತದೆ. ಹಿಂಬದಿಯ ಕೆಂಪು ದೀಪ ಎಷ್ಟೋ ಗಾಡಿಗಳಿಗೆ ಇರುವುದೇ ಇಲ್ಲ. ಎದುರಿನಿಂದ ಬರುವ ವಾಹನದ ಬೆಳಕು ಕಣ್ಣಿಗೆ ಹೊಡೆದಾಗ, ನಿಂತ ಕಬ್ಬಿನ ಗಾಡಿ ಕತ್ತಲೆಯ ಒಂದು ತುಂಡಿನಂತೆ ಕಾಣುತ್ತದೆ, ಅಥವಾ ಕಾಣುವುದೇ ಇಲ್ಲ.

ಇನ್ನು ಡಿಸೆಂಬರ್, ಜನವರಿಯಲ್ಲಿ ಒಕ್ಕಣೆ. ರಾಗಿಯ ತೆನೆಯನ್ನೂ ಹುರುಳಿಯನ್ನೂ ಡಾಂಬರು ರಸ್ತೆಯ ಮೇಲೆ ಹರಡಿ ವಾಹನಗಳ ಚಕ್ರದಿಂದಲೇ ತುಳಿಸುವ ಪದ್ಧತಿ ಈ ಸೀಮೆಯಲ್ಲಿ ಚೆನ್ನಾಗಿ ಬೇರೂರಿದೆ. ಕಾರಿಗೆ ಅದರಿಂದ ಅಷ್ಟೇನೂ ಬಾಧಕವಿಲ್ಲ. ಎರಡು ಚಕ್ರದವನಿಗೆ ಹುರುಳಿಯ ಸೊಪ್ಪೆಂದರೆ ಎಣ್ಣೆ ಸುರಿದ ನೆಲವಿದ್ದಂತೆ. ಅದರ ಬಳ್ಳಿ ಚೈನಿಗೆ ಸುತ್ತಿಕೊಳ್ಳುತ್ತದೆ, ಒಣ ಹುಲ್ಲು ಕಾದ ಸೈಲೆನ್ಸರಿಗೆ ತಾಗಿದರೆ ಹೊಗೆಯಾಡಲೂಬಹುದು. ಹಗಲಿನಲ್ಲಾದರೆ ದೂರದಿಂದಲೇ ಕಂಡು ನಿಧಾನಿಸಿ ನೇರವಾಗಿ ದಾಟಬಹುದು. ಕತ್ತಲಲ್ಲಿ ತಿರುವಿನಾಚೆ ಇದ್ದರೆ ದೇವರೇ ಗತಿ. ಅದರಲ್ಲಿಯೂ ಹಳೆಯ ಜಾವಾ ಗಾಡಿಗಳ ಆರು ವೋಲ್ಟಿನ ದೀಪ ದಾರಿ ತೋರಿಸುವುದಕ್ಕಿಂತ 'ಇಲ್ಲೊಬ್ಬನಿದ್ದಾನೆ' ಎಂದು ಎದುರಿನವರಿಗೆ ತಿಳಿಸುವುದಕ್ಕೇ ಹೆಚ್ಚು ಉಪಯೋಗ. ಅವುಗಳನ್ನು ತಯಾರಿಸುತ್ತಿದ್ದ ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ೧೯೯೬ರಲ್ಲಿ ಮುಚ್ಚಿತು. ಗಾಡಿಗಳು ಮಾತ್ರ ಇನ್ನೂ ಓಡುತ್ತಿವೆ, ಅವುಗಳ ಮೇಲಿನ ಮೋಹವೂ ಕಡಮೆಯಾಗಿಲ್ಲ. ಗುಂಪಿನಲ್ಲಿ ಅಂಥದೊಂದು ಇದ್ದರೆ ಎಲ್ಲರ ವೇಳಾಪಟ್ಟಿಯೂ ಅದರ ದೀಪಕ್ಕೆ ಹೊಂದಬೇಕು.

ಈಗ ಕೊಪ್ಪವನ್ನೇ ಹೊರಡುವ ಊರನ್ನಾಗಿ ಇಟ್ಟುಕೊಂಡು ಒಂದು ಮೂರು ದಿನದ ಪ್ರವಾಸದ ತಂಗುದಾಣಗಳನ್ನು ಗೊತ್ತುಮಾಡೋಣ. ಗುರಿ ಮಲೆ ಮಹದೇಶ್ವರ ಬೆಟ್ಟ; ದಾರಿಯಲ್ಲಿ ಕೊಕ್ಕರೆ ಬೆಳ್ಳೂರು ಮತ್ತು ಶಿವನಸಮುದ್ರ.

ಮೊದಲನೆಯ ತಂಗುದಾಣ ಕೊಪ್ಪವೇ, ಅದೂ ಹೊರಡುವ ಹಿಂದಿನ ರಾತ್ರಿ. ಆಶ್ಚರ್ಯಪಡಬೇಡಿ. ಇಂಥ ಗುಂಪಿನಲ್ಲಿ ಊರಿನವರು ನಾಲ್ವರಿದ್ದರೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೆಲಸದಲ್ಲಿರುವವರು ಆರು ಮಂದಿ ಇರುತ್ತಾರೆ. ಬೆಳಿಗ್ಗೆ ಏಳಕ್ಕೆ ಬಂದು ಸೇರುತ್ತೇವೆಂದು ಅವರು ಹೇಳುವುದು ಒಳ್ಳೆಯ ಮನಸ್ಸಿನಿಂದಲೇ. ಆದರೆ ೨೦೨೩ರ ಆಗಸ್ಟ್ ೧ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ; ಅವರು ಪಕ್ಕದ ಸರ್ವಿಸ್ ರಸ್ತೆಯಲ್ಲಿ ಊರೂರಿನ ಸಂದಣಿ ದಾಟಿಯೇ ಬರಬೇಕು. ಕಾರಿನವರ ಲೆಕ್ಕ ಅವರಿಗೆ ಸಲ್ಲುವುದಿಲ್ಲ. ಹಿಂದಿನ ಸಂಜೆಯೇ ಬಂದು ನೆಂಟರ ಮನೆಯ ಜಗಲಿಯಲ್ಲಿ ಮಲಗಿದರೆ ಮರುದಿನದ ಎರಡು ಗಂಟೆ ಉಳಿಯಿತು.

ಬರುವವರಿಗೆ ಊರಿನ ಹೆಸರನ್ನು ಪೂರ್ತಿ ಬರೆದು ಕಳಿಸಿ. 'ಕೊಪ್ಪ' ಎಂದಷ್ಟೇ ಹೇಳಿದರೆ ಮೊಬೈಲಿನ ನಕ್ಷೆ ಚಿಕ್ಕಮಗಳೂರು ಜಿಲ್ಲೆಯ ತಾಲ್ಲೂಕು ಕೇಂದ್ರವಾದ ಮಲೆನಾಡಿನ ಕೊಪ್ಪವನ್ನು ತೋರಿಸೀತು. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಕುಶಾಲನಗರದ ಹತ್ತಿರ, ಇನ್ನೊಂದು ಕೊಪ್ಪವಿದೆ. ಬೆಳ್ಳೂರಿನದೂ ಇದೇ ಕಥೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಬೇರೆ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಬೇರೆ. ಎರಡೂ ಮಂಡ್ಯ ಜಿಲ್ಲೆಯವೇ ಆದ್ದರಿಂದ ಗೊಂದಲ ಇನ್ನೂ ಸುಲಭ. ತಂಗುದಾಣದ ಹೆಸರಿನ ಜೊತೆಗೆ ತಾಲ್ಲೂಕು, ಒಂದು ಗುರುತಿನ ಕಟ್ಟಡ, ಇವಿಷ್ಟಾದರೂ ಬರೆದಿರಬೇಕು. ಮದ್ದೂರಿನಲ್ಲಿ ಯಾರಾದರೂ ಕೂಡಿಕೊಳ್ಳಬೇಕಾದರೆ ಶಿವಪುರದ ಸತ್ಯಾಗ್ರಹ ಸೌಧ ಒಳ್ಳೆಯ ಗುರುತು. ೧೯೩೮ರ ಧ್ವಜ ಸತ್ಯಾಗ್ರಹದ ನೆನಪಿನ ಕಟ್ಟಡವಾದ್ದರಿಂದ ಯಾರನ್ನು ಕೇಳಿದರೂ ತೋರಿಸುತ್ತಾರೆ.

ಮೊದಲನೆಯ ದಿನದ ದಾರಿ ಎಲ್ಲಕ್ಕಿಂತ ಹಗುರವಾಗಿರಲಿ. ಗುಂಪು ಒಟ್ಟಿಗೆ ಓಡಿ ಇನ್ನೂ ಪಳಗಿರುವುದಿಲ್ಲ. ಯಾರ ಗಂಟು ಸಡಿಲ, ಯಾರ ಬ್ರೇಕು ಹಿಡಿಯುತ್ತದೆ ಎಂಬುದೆಲ್ಲ ತಿಳಿಯುವುದು ಆವತ್ತೇ. ಕೊಪ್ಪದಿಂದ ಮದ್ದೂರಿಗೆ ಬಂದು, ಬೆಂಗಳೂರಿನ ಕಡೆಗೆ ರುದ್ರಾಕ್ಷಿಪುರದವರೆಗೆ ಹೋಗಿ ಬಲಕ್ಕೆ ಹೊರಳಿದರೆ ಸುಮಾರು ೧೨ ಕಿಲೋಮೀಟರು ಒಳಗೆ ಕೊಕ್ಕರೆ ಬೆಳ್ಳೂರು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರಿನ ನಡುವಣ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಊರಿನವರು ಅವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. ೨೦೦೭ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಸಾರಲಾಯಿತು. ಹತ್ತು ಎಂಜಿನ್ನುಗಳ ಸದ್ದು ಬಾಣಂತಿಯ ಮನೆಗೆ ಒಪ್ಪುವುದಲ್ಲ. ಗಾಡಿಗಳನ್ನು ಊರಿನ ಹೊರಗೇ ನಿಲ್ಲಿಸಿ ನಡೆದುಹೋಗಿ.

ಅಲ್ಲಿಂದ ಮದ್ದೂರಿಗೆ ಹಿಂದಿರುಗಿ ಮಳವಳ್ಳಿ ಮಾರ್ಗವಾಗಿ ಗಗನಚುಕ್ಕಿ. ೧೯೦೨ರಲ್ಲಿ ಇಲ್ಲಿಂದಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದದ್ದು. ಮಧ್ಯಾಹ್ನ ಇಲ್ಲಿಗೆ ತಲುಪಿದ ಗುಂಪಿನಲ್ಲಿ ಒಬ್ಬನಾದರೂ 'ಇಲ್ಲೇ ನದಿಯ ದಡದಲ್ಲಿ ಗುಡಾರ ಹಾಕೋಣ' ಎನ್ನುತ್ತಾನೆ. ಇನ್ನೊಬ್ಬ 'ಹಲಗೂರಿನ ಮೇಲೆ ಮುತ್ತತ್ತಿಗೆ ಹೋಗಿ ಹೊಳೆಯ ಮರಳಿನಲ್ಲಿ ಮಲಗೋಣ' ಎನ್ನುತ್ತಾನೆ. ನನ್ನನ್ನು ಕೇಳಿದರೆ ಎರಡೂ ಬೇಡ. ಮುತ್ತತ್ತಿಯ ಸುತ್ತಣ ಕಾಡು ೧೯೮೭ರಿಂದ ಕಾವೇರಿ ವನ್ಯಧಾಮದ ಭಾಗ. ಅನುಮತಿಯಿಲ್ಲದೆ ವನ್ಯಧಾಮದಲ್ಲಿ ರಾತ್ರಿ ಉಳಿಯುವುದು ಕಾಯಿದೆಗೆ ವಿರುದ್ಧ. ಆನೆಗಳು ನೀರಿಗೆ ಇಳಿಯುವುದೂ ಅದೇ ದಡಗಳಿಗೆ. ಇದಕ್ಕಿಂತ ದೊಡ್ಡ ಅಪಾಯ ಹೊಳೆಯದೇ. ಮೇಲೆ ಶಾಂತವಾಗಿ ಕಾಣುವ ನೀರಿನ ಅಡಿಯಲ್ಲಿ ಬಂಡೆಗಳ ನಡುವೆ ಸುಳಿಗಳಿವೆ. ಈಜು ಬಲ್ಲವರೇ ಅಲ್ಲಿ ಸತ್ತಿದ್ದಾರೆ. ದಣಿದ ಹತ್ತು ಜನ ಯುವಕರು, ಸಂಜೆಯ ಹೊತ್ತು, ಕೈಗೆಟಕುವ ನೀರು: ಇವು ಮೂರೂ ಒಂದೆಡೆ ಸೇರದಂತೆ ನೋಡಿಕೊಳ್ಳುವುದು ತಂಗುದಾಣ ಗೊತ್ತುಮಾಡುವವನ ಹೊಣೆ. ಕಾಡಿನಲ್ಲಿಯೇ ಇರಬೇಕೆಂಬ ಆಸೆಯಿದ್ದರೆ ಭೀಮೇಶ್ವರಿಯಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರವಿದೆ, ಹಣ ತೆತ್ತು ಮೊದಲೇ ಕಾದಿರಿಸಿ ಹೋಗಬಹುದು. ಆದರೆ ಅದು ಇನ್ನೊಂದು ಪ್ರವಾಸ.

ಮೊದಲ ರಾತ್ರಿಗೆ ಕೊಳ್ಳೇಗಾಲವೇ ಸರಿ. ೧೯೫೬ರವರೆಗೆ ಇದು ಮದ್ರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಈಗ ಚಾಮರಾಜನಗರ ಜಿಲ್ಲೆಯದು. ಕೊಪ್ಪದಿಂದ ಇಲ್ಲಿಗೆ, ಕೊಕ್ಕರೆ ಬೆಳ್ಳೂರಿನ ಸುತ್ತೂ ಸೇರಿ, ಸುಮಾರು ೧೨೦ ಕಿಲೋಮೀಟರು. ಲಾಡ್ಜುಗಳಿವೆ, ಮೆಕ್ಯಾನಿಕ್ಕುಗಳಿದ್ದಾರೆ, ಆಸ್ಪತ್ರೆಯಿದೆ. ಚಂದದ ಊರೆಂದು ಯಾರೂ ಇದನ್ನು ಆರಿಸುವುದಿಲ್ಲ. ಆದರೆ ಮರುದಿನ ಕಾಡು ಹೊಗುವ ಗುಂಪಿಗೆ ಹಿಂದಿನ ರಾತ್ರಿ ಬೇಕಾದುದು ಚಂದವಲ್ಲ, ಸಡಿಲವಾದ ಚೈನನ್ನು ಬಿಗಿ ಮಾಡುವ ಒಬ್ಬ ಮನುಷ್ಯ.

ಲಾಡ್ಜಿಗೆ ಫೋನು ಮಾಡಿದಾಗ 'ರೂಮು ಇದೆಯೇ' ಎಂದಷ್ಟೇ ಕೇಳಿ ಇಟ್ಟುಬಿಡಬೇಡಿ. ಹತ್ತು ಗಾಡಿಗಳನ್ನು ಗೋಡೆಯ ಒಳಗೆ ನಿಲ್ಲಿಸುವ ಸ್ಥಳವಿದೆಯೇ? ರಾತ್ರಿ ಗೇಟಿಗೆ ಬೀಗ ಹಾಕುವವರು ಯಾರು, ಬೆಳಿಗ್ಗೆ ಆರಕ್ಕೆ ತೆಗೆಯುವವರು ಯಾರು? ಹತ್ತು ಮಂದಿಗೆ ಎಷ್ಟು ಸ್ನಾನದ ಮನೆ? ಗುಂಪಿನಲ್ಲಿ ಹೆಣ್ಣುಮಕ್ಕಳಿದ್ದರೆ ಅವರ ಕೋಣೆ ಯಾವ ಕಡೆಗಿದೆ, ಚಿಲಕ ಸರಿಯಿದೆಯೇ? ಊಟ ಎಷ್ಟು ಗಂಟೆಯವರೆಗೆ ಸಿಗುತ್ತದೆ? ಸಣ್ಣ ಊರಿನ ಹೋಟಲಿಗೆ ರಾತ್ರಿ ಎಂಟೂವರೆಗೆ ಹತ್ತು ಮಂದಿ ಹಸಿದವರು ನುಗ್ಗಿದರೆ ಅಲ್ಲಿ ಉಳಿದಿರುವುದು ತಿಳಿಸಾರು ಮಾತ್ರ. ನಾಲ್ಕು ಗಂಟೆಗೇ ಒಂದು ಮಾತು ತಿಳಿಸಿದರೆ ಮುದ್ದೆ ಬಸ್ಸಾರು ಬಿಸಿಬಿಸಿಯಾಗಿ ಕಾದಿರುತ್ತದೆ. ಸರ್ಕಾರದ ಪ್ರವಾಸಿ ಮಂದಿರಗಳು ಅಗ್ಗವೂ ವಿಶಾಲವೂ ಹೌದು. ಆದರೆ ಅಧಿಕಾರಿಗಳು ಬಂದರೆ ಅವರಿಗೇ ಮೊದಲ ಹಕ್ಕು. ಅದನ್ನು ನಂಬಿಕೊಂಡಾಗ ಇನ್ನೊಂದು ಜಾಗವನ್ನೂ ಗುರುತಿಸಿಟ್ಟುಕೊಳ್ಳಬೇಕು.

ಲಾಡ್ಜೇ ಇಲ್ಲದ ಹಳ್ಳಿಯಲ್ಲಿ ತಂಗಬೇಕಾಗಿ ಬಂದರೆ ಕ್ರಮ ಬೇರೆ. ಬೆಳಕಿರುವಾಗಲೇ ಇಬ್ಬರು ಮಾತ್ರ ಊರೊಳಗೆ ಹೋಗಿ ಮಾತನಾಡಲಿ, ಉಳಿದ ಎಂಟು ಗಾಡಿ ಹೊರಗೆ ನಿಂತಿರಲಿ. ಹತ್ತೂ ಒಮ್ಮೆಗೇ ಬೀದಿಗೆ ಇಳಿದರೆ ನೀವು ಅತಿಥಿಗಳಂತೆ ಕಾಣುವುದಿಲ್ಲ. ಶಾಲೆಯ ಜಗಲಿ ಬೇಕಾದರೆ ಮುಖ್ಯೋಪಾಧ್ಯಾಯರ ಒಪ್ಪಿಗೆ, ದೇವಸ್ಥಾನದ ಪಡಸಾಲೆಯಾದರೆ ಪೂಜಾರಿಯ ಹಾಗೂ ಊರ ಯಜಮಾನರ ಒಪ್ಪಿಗೆ ಬೇಕು. ಶೌಚಕ್ಕೆ ಎಲ್ಲಿ ಹೋಗಬೇಕೆಂಬುದನ್ನು ನಾಚಿಕೆಯಿಲ್ಲದೆ ಮೊದಲೇ ಕೇಳಿ. ಕೇಳದಿದ್ದರೆ ಬೆಳಿಗ್ಗೆ ಯಾರದೋ ಗದ್ದೆಯ ಬದುವಿನ ಮೇಲೆ ಜಗಳವಾಗುತ್ತದೆ. ಕುಡಿತ ಕೂಡದು. ಬೇಡವೆಂದರೂ ಅಡಿಗೆಯ ಖರ್ಚನ್ನು ಮನೆಯ ಹೆಂಗಸರ ಕೈಗೆ ಕೊಟ್ಟು ಬನ್ನಿ. ಮತ್ತೊಂದು ಉಪಯುಕ್ತ ಸಂಗತಿ: ಮುಂದಿನ ರಸ್ತೆಯ ಸ್ಥಿತಿಯನ್ನು ಕೇಳಬೇಕಾದವನು ಹಾಲಿನ ಲಾರಿಯ ಚಾಲಕ. ಬೆಳಿಗ್ಗೆ ಹಾಲಿನ ಸಂಘದ ಮುಂದೆ ಅವನು ಸಿಗುತ್ತಾನೆ. ಯಾವ ಸೇತುವೆ ಮುರಿದಿದೆ, ಎಲ್ಲಿ ಕೋಡಿ ಹರಿಯುತ್ತಿದೆ ಎಂಬುದು ಅವನಿಗೆ ನಕ್ಷೆಗಿಂತ ಚೆನ್ನಾಗಿ ಗೊತ್ತು.

ಎರಡನೆಯ ದಿನ ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ, ತಾಳಬೆಟ್ಟದ ಮೇಲೆ ಮಹದೇಶ್ವರ ಬೆಟ್ಟಕ್ಕೆ ಸುಮಾರು ೮೦ ಕಿಲೋಮೀಟರು. ದೂರ ಕಡಮೆಯೆಂದು ತಡವಾಗಿ ಹೊರಡಬೇಡಿ. ತಾಳಬೆಟ್ಟದಿಂದ ಮೇಲಕ್ಕೆ ತಿರುವು ತಿರುವಾಗಿ ಹತ್ತಬೇಕು, ಅದೂ ಕಾಡಿನ ನಡುವೆ; ಮೊಬೈಲಿನ ಸಂಪರ್ಕ ಹಲವೆಡೆ ತಪ್ಪುತ್ತದೆ. ಪೆಟ್ರೋಲನ್ನು ಕೊಳ್ಳೇಗಾಲದಲ್ಲಿಯೇ, ಹಿಂದಿನ ಸಂಜೆಯೇ, ತುಂಬಿಸಿ. ಹೋಗಿಬರಲು ೧೬೦ ಕಿಲೋಮೀಟರು, ಲೀಟರಿಗೆ ೩೦ ಓಡುವ ಗಾಡಿಗೆ ಐದೂವರೆ ಲೀಟರು ಬೇಕು. ಗುಂಪಿನಲ್ಲಿ ಅತಿ ಚಿಕ್ಕ ಟ್ಯಾಂಕು ಯಾರದೋ ಅವರದೇ ಲೆಕ್ಕ ಎಲ್ಲರಿಗೂ. ಎಣ್ಣೆ ಬೆರೆಸುವ ಹಳೆಯ ಗಾಡಿಯವರು ತಮ್ಮ ಎಣ್ಣೆಯ ಡಬ್ಬಿಯನ್ನು ತಾವೇ ಒಯ್ಯಬೇಕು.

ಬೆಟ್ಟದ ಮೇಲೆ ತಂಗಲು ಕ್ಷೇತ್ರಾಭಿವೃದ್ಧಿ ಪ್ರಾಧಿಕಾರದ ವಸತಿಗೃಹಗಳಿವೆ. ದಿನ ಆರಿಸುವಾಗ ಮಾತ್ರ ಪಂಚಾಂಗ ನೋಡಿ. ಅಮಾವಾಸ್ಯೆ, ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಕೋಣೆ ಸಿಗುವ ಮಾತಿಲ್ಲ. ಅದಕ್ಕಿಂತ ಮುಖ್ಯವಾಗಿ ಆ ದಿನಗಳಲ್ಲಿ ಸಾವಿರಾರು ಭಕ್ತರು ಹಗಲು ರಾತ್ರಿ ರಸ್ತೆಯ ಅಂಚಿನಲ್ಲಿಯೇ ಕಾಲುನಡಿಗೆಯಲ್ಲಿ ಬರುತ್ತಿರುತ್ತಾರೆ. ನಮ್ಮ ಮಂಡ್ಯದ ಕಡೆಯವರೇ ಎಷ್ಟೋ ಮಂದಿ. ಅವರ ನಡುವೆ ಗಾಡಿ ಓಡಿಸುವುದು ಅವರಿಗೂ ಅಪಾಯ, ನಿಮಗೂ ಅಪಾಯ. ಬೆಟ್ಟ ಸುಮಾರು ೩,೦೦೦ ಅಡಿ ಎತ್ತರ. ಚಳಿಗಾಲದಲ್ಲಿ ಒಂದು ಕಂಬಳಿ ಹೆಚ್ಚಿಗೆಯಿರಲಿ.

ಬೆಟ್ಟದಿಂದ ಬಂಡೀಪುರದ ಕಡೆಗೆ ಮುಂದುವರಿಯುವ ಹುಮ್ಮಸ್ಸು ಇದ್ದವರಿಗೆ ಒಂದು ಎಚ್ಚರಿಕೆ. ಬಂಡೀಪುರದ ಹೆದ್ದಾರಿಗಳಲ್ಲಿ ೨೦೦೯ರಿಂದ ರಾತ್ರಿ ೯ರಿಂದ ಬೆಳಿಗ್ಗೆ ೬ರವರೆಗೆ ಸಂಚಾರ ನಿಷಿದ್ಧ. ಬೇರೆ ಕಾಡುಗಳ ಒಳರಸ್ತೆಗಳಲ್ಲಿ ದ್ವಿಚಕ್ರದವರನ್ನು ಇನ್ನೂ ಮುಂಚೆಯೇ ತಡೆಯಬಹುದು. ಗೇಟು ಮುಚ್ಚುವ ಹೊತ್ತನ್ನು ಗುರಿಯಾಗಿಟ್ಟುಕೊಂಡು ವೇಗ ಹೆಚ್ಚಿಸುವುದಕ್ಕಿಂತ, ಗೇಟಿನ ಈಚೆ ಒಂದು ರಾತ್ರಿ ಮಲಗುವುದು ಲೇಸು.

ಮೂರನೆಯ ದಿನ ಬೆಟ್ಟದಿಂದ ಕೊಪ್ಪಕ್ಕೆ ಸುಮಾರು ೧೫೦ ಕಿಲೋಮೀಟರು. ನಮ್ಮ ಮಜಲಿನ ಮಿತಿಯೊಳಗೇ ಇದೆ, ಆದರೆ ಸ್ಥಳ ನೋಡುವುದಕ್ಕೆ ಬಿಡುವಿಲ್ಲ. ಮನೆಯ ಕಡೆ ಮುಖ ಮಾಡಿದ ಗುಂಪು ಯಾರ ಮಾತನ್ನೂ ಕೇಳುವುದಿಲ್ಲವಾದ್ದರಿಂದ ಒಂದು ನಿಯಮವನ್ನು ಹೊರಡುವ ಮೊದಲೇ ಮಾಡಿಕೊಂಡಿರಿ: ಪ್ರತಿದಿನ ಮಧ್ಯಾಹ್ನ ೩ ಗಂಟೆಗೆ ಎಲ್ಲಿದ್ದರೂ ನಿಂತು ಎಣಿಸುವುದು. ಉಳಿದ ದಾರಿ ೫ರೊಳಗೆ ಮುಗಿಯದಿದ್ದರೆ ಹತ್ತಿರದ ಮೀಸಲು ತಂಗುದಾಣಕ್ಕೆ ಹೋಗುವುದು. ಆ ದಿನ ಅದು ಮಳವಳ್ಳಿ. ಅದರ ಫೋನು ನಂಬರನ್ನು ಮೊದಲೇ ಬರೆದುಕೊಂಡಿರಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆಯ ಗುಡುಗು ಮಳೆಯ ದೆಸೆಯಿಂದ ಈ ಹೊತ್ತುಗಳನ್ನು ಒಂದೊಂದು ಗಂಟೆ ಹಿಂದಕ್ಕೆ ತನ್ನಿ. ೨೦೨೨ರ ಆಗಸ್ಟಿನಲ್ಲಿ ರಾಮನಗರದ ಬಳಿ ಹೊಸ ಹೆದ್ದಾರಿಯ ಮೇಲೆಯೇ ನೀರು ನಿಂತಿತ್ತು. ಹಳ್ಳಿಯ ರಸ್ತೆಗಳ ಪಾಡನ್ನು ಕೇಳಬೇಕಾದ್ದಿಲ್ಲ. ಬೆಳಗಿನ ರೇಡಿಯೊ ವಾರ್ತೆಯಲ್ಲಿ ಬರುವ ಹವಾಮಾನದ ಮಾತಿಗೆ ಕಿವಿಗೊಟ್ಟು ಹೊರಡಿ.

ಮನೆಯಲ್ಲಿ ಉಳಿಯುವವರಿಗೆ ಒಂದು ಹಾಳೆ ಕೊಟ್ಟು ಹೋಗಿ. ಅದರಲ್ಲಿ ಪ್ರತಿ ರಾತ್ರಿಯ ತಂಗುದಾಣ, ಅದರ ಮೀಸಲು, ಎರಡರ ಫೋನು ನಂಬರು, ಗುಂಪಿನ ಮುಂದಾಳು ಮತ್ತು ಎಲ್ಲರಿಗಿಂತ ಹಿಂದೆ ಬರುವ ಸವಾರನ ನಂಬರು, ಪ್ರತಿಯೊಬ್ಬನ ರಕ್ತದ ಗುಂಪು ಬರೆದಿರಲಿ. ಫೋನು ಮಾಡುವ ಹೊತ್ತು ಒಂದೇ, ಸಂಜೆ ಏಳು ಗಂಟೆ. ಹಗಲೆಲ್ಲ ಅರ್ಧ ಗಂಟೆಗೊಮ್ಮೆ ಮಗನಿಗೆ ಫೋನು ಮಾಡುವ ತಾಯಿ ಅವನನ್ನು ಒಂದು ಕೈಯಲ್ಲಿ ಗಾಡಿ ಓಡಿಸುವಂತೆ ಮಾಡುತ್ತಾಳೆ, ಅದು ಬೇಡ. ಏಳಕ್ಕೆ ಬರಬೇಕಾದ ಕರೆ ಎಂಟಾದರೂ ಬರದಿದ್ದರೆ, ಮೊದಲು ತಂಗುದಾಣಕ್ಕೆ, ಆಮೇಲೆ ಮೀಸಲಿಗೆ, ಅಲ್ಲಿಯೂ ಇಲ್ಲವಾದರೆ ೧೧೨ಕ್ಕೆ ಫೋನು ಮಾಡಿ. ಆ ಹೊತ್ತಿಗೆ 'ಎಲ್ಲಿಗೆ ಹೊರಟಿದ್ದರು' ಎಂದು ಅವರು ಕೇಳುತ್ತಾರೆ. ಹಾಳೆಯನ್ನು ಫೋನಿನ ಪಕ್ಕದಲ್ಲಿಯೇ ಇಟ್ಟಿರಿ.